ಹೆಸರಿಲ್ಲದ ಗುಡಿಗುಡಿಗಳು

ಅಮೆರಿಕದ ಹಳೆಯ ತಂಬಾಕು ಪೈಪುಗಳನ್ನು ಕೂಡಿಡುವ ಹವ್ಯಾಸದವರು ಪೈಪು ಕೈಗೆ ಬಂದೊಡನೆ ಅದನ್ನು ತಿರುಗಿಸಿ, ಒತ್ತಿದ ಅಕ್ಷರಗಳನ್ನು ಹುಡುಕುತ್ತಾರೆ. ತಯಾರಕರ ಹೆಸರು, ಆಕಾರದ ಸಂಖ್ಯೆ ಸಿಕ್ಕರೆ ಪೈಪಿನ ಕಾಲವನ್ನು ಊಹಿಸಬಹುದು, ಬೆಲೆಯನ್ನೂ ಕಟ್ಟಬಹುದು. ಮೆಕ್ಕೆಜೋಳದ ದಿಂಡಿನಿಂದ ಮಾಡಿದ ಅಗ್ಗದ ಪೈಪಿಗೂ ಅಲ್ಲಿ ಒಂದು ವಿಳಾಸವಿದೆ: ಮಿಸೌರಿ ರಾಜ್ಯದ ವಾಷಿಂಗ್ಟನ್ ಎಂಬ ಊರು. 1869ರಿಂದ ಅಲ್ಲಿ ಆ ಕಸುಬು ನಡೆದಿದೆ.

ಪುಣೆಯ ಬಾಜೀರಾವ್ ರಸ್ತೆಯಲ್ಲಿರುವ ರಾಜಾ ದಿನಕರ್ ಕೇಳ್ಕರ್ ವಸ್ತುಸಂಗ್ರಹಾಲಯದ ಹುಕ್ಕಾಗಳ ಮುಂದೆ ಈ ವಿದ್ಯೆ ನಡೆಯುವುದಿಲ್ಲ. ಈ ವಸ್ತುವಿಗೆ ನಮ್ಮ ಕಡೆ ಗುಡಿಗುಡಿ ಎನ್ನುತ್ತಾರೆ. ನಮ್ಮ ಹಳೆಯ ಕುಶಲಕರ್ಮಿಗಳು ಸಾಮಾನ್ಯವಾಗಿ ತಮ್ಮ ಕೆಲಸದ ಮೇಲೆ ಹೆಸರು ಕೆತ್ತುತ್ತಿರಲಿಲ್ಲ. ಹಾಗಾಗಿ ವಸ್ತು ಉಳಿದಿದೆ, ಮಾಡಿದ ಕೈ ಯಾರದೆಂದು ತಿಳಿಯದು.

ಈ ಗುಡಿಗುಡಿಗಳ ಕಥೆಯೂ ಅಮೆರಿಕದಿಂದಲೇ ಶುರುವಾಗುತ್ತದೆ. ತಂಬಾಕು ಆ ಖಂಡದ ಗಿಡ. ಪೋರ್ಚುಗೀಸರ ಹಡಗುಗಳಲ್ಲಿ ಪಶ್ಚಿಮ ಕರಾವಳಿಗೆ ಇಳಿದು, ಘಟ್ಟ ಹತ್ತಿ ಬಿಜಾಪುರಕ್ಕೆ ಬಂತು. 1604ರ ಸುಮಾರಿಗೆ ಅಕ್ಬರನ ದೂತನಾಗಿ ಬಿಜಾಪುರಕ್ಕೆ ಬಂದಿದ್ದ ಅಸದ್ ಬೇಗ್ ಅದನ್ನು ಮೊದಲು ಕಂಡದ್ದು ಅಲ್ಲಿಯೇ. ಒಂದಿಷ್ಟು ಎಲೆ, ರತ್ನ ಕೂರಿಸಿದ ಒಂದು ಉದ್ದನೆಯ ಕೊಳವೆ ಹೊಂದಿಸಿಕೊಂಡು ಆಗ್ರಾಕ್ಕೆ ಒಯ್ದ. ಅಕ್ಬರ್ ಕುತೂಹಲದಿಂದ ಒಂದೆರಡು ದಮ್ಮು ಎಳೆದ. ತಮ್ಮ ಗ್ರಂಥಗಳಲ್ಲಿಲ್ಲದ ವಸ್ತು ಬೇಡವೆಂದು ಆಸ್ಥಾನದ ವೈದ್ಯ ತಡೆದ. ಲೋಕದ ಪದ್ಧತಿಗಳೆಲ್ಲ ಒಂದು ಕಾಲಕ್ಕೆ ಹೊಸವೇ ಆಗಿದ್ದವಲ್ಲ ಎಂದು ಅಸದ್ ಬೇಗ್ ವಾದಿಸಿದ. ಅಕ್ಬರ್ ಚಟ ಹತ್ತಿಸಿಕೊಳ್ಳಲಿಲ್ಲ, ಆದರೆ ಅವನ ಸರದಾರರು ಬಿಡಲಿಲ್ಲ. 1617ರಲ್ಲಿ ಜಹಾಂಗೀರ್ ನಿಷೇಧ ಹೇರಿದರೂ ಹೊಗೆ ನಿಲ್ಲಲಿಲ್ಲ. ಹೊರಗಿನಿಂದ ಬಂದ ಈ ಎಲೆಗೆ ಕನ್ನಡಿಗರು ಹೊಗೆಸೊಪ್ಪು ಎಂದು ತಮ್ಮದೇ ಹೆಸರಿಟ್ಟು ಮನೆಯೊಳಗೆ ಕರೆದುಕೊಂಡರು.

ಎಲೆ ಬಂದ ಮೇಲೆ ಅದನ್ನು ಸೇದುವ ಪಾತ್ರೆಯೂ ಬೇಕಾಯಿತು. ಬೀದರಿನ ಕುಶಲಕರ್ಮಿಗಳು ಸತುವಿಗೆ ತುಸು ತಾಮ್ರ ಬೆರೆಸಿ ಹುಕ್ಕಾದ ನೀರಿನ ಬುರುಡೆಯನ್ನು ಎರಕ ಹೊಯ್ದರು. ಅದರ ಮೇಲೆ ಬಳ್ಳಿ, ಹೂವುಗಳನ್ನು ಕೊರೆದು, ಆ ಗೆರೆಗಳಲ್ಲಿ ಬೆಳ್ಳಿಯ ತಂತಿ ಬಡಿದು ಕೂರಿಸಿದರು. ಕೊನೆಗೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿದ ಬಿಸಿ ನೀರಿನಲ್ಲಿ ಅದ್ದಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಮೊದಲಿನ ಬುರುಡೆಗಳು ಚೆಂಡಿನಂತೆ ದುಂಡಗಿದ್ದವು, ಅವುಗಳನ್ನು ಸಿಂಬಿಯ ಮೇಲೆ ಕೂರಿಸಬೇಕಿತ್ತು. ಹದಿನೆಂಟನೆಯ ಶತಮಾನದಲ್ಲಿ ತಳ ಅಗಲವಾಗಿರುವ ಗಂಟೆಯಾಕಾರ ಬಳಕೆಗೆ ಬಂತು. ಒತ್ತಿದ ಅಕ್ಷರಗಳಿಲ್ಲದ ಕಡೆ ಕಾಲ ಹೇಳುವುದು ಈ ಆಕಾರವೇ.

ಬೀಡಿ, ಸಿಗರೇಟು ಬಂದ ಮೇಲೆ ಗುಡಿಗುಡಿ ಅಟ್ಟ ಸೇರಿತು. ಅಟ್ಟ ಸೇರಿದ ಲೋಹ ಮುಂದೆ ಎಲ್ಲಿಗೆ ಹೋಗುತ್ತದೆಂದು ನಮಗೆಲ್ಲ ಗೊತ್ತು: ತಕ್ಕಡಿಗೆ. ಆ ದಾರಿಯಲ್ಲಿ ಅಡ್ಡ ನಿಂತವರು ದಿನಕರ್ ಕೇಳ್ಕರ್ (1896–1990). ಅವರದು ಅರಸು ಮನೆತನವಲ್ಲ. ಮನೆಯ ಕಸುಬು ಕನ್ನಡಕದ ಅಂಗಡಿ, ಮನಸ್ಸಿನದು ಮರಾಠಿ ಕವಿತೆ. 1920ರ ಸುಮಾರಿಗೆ ಶುರುವಾದ ಸಂಗ್ರಹ 1960ರ ಹೊತ್ತಿಗೆ ಸುಮಾರು 15,000 ವಸ್ತುಗಳನ್ನು ಮುಟ್ಟಿತ್ತು. ಅಡಕತ್ತರಿ, ದೀಪ, ದೌತಿ, ಬಾಗಿಲು, ಅಡುಗೆಮನೆಯ ಪಾತ್ರೆ ಎಲ್ಲವೂ ಅದರಲ್ಲಿದ್ದವು. ಪತ್ನಿ ಕಮಲಾಬಾಯಿ ಈ ಕೆಲಸದಲ್ಲಿ ಜೊತೆಯಾಗಿದ್ದರು. ಕೊನೆಗೆ ಕೇಳ್ಕರ್ ಅಷ್ಟನ್ನೂ ಮಹಾರಾಷ್ಟ್ರ ಸರ್ಕಾರಕ್ಕೆ ಒಪ್ಪಿಸಿದರು. ಮಾರಿದ್ದರೆ ಒಂದೊಂದು ವಸ್ತು ಒಂದೊಂದು ದಿಕ್ಕಿಗೆ ಹೋಗಿ, ಒಂದು ಕಾಲದ ಮನೆ ಹೇಗಿತ್ತೆಂದು ಒಟ್ಟಿಗೆ ನೋಡುವ ಅವಕಾಶವೇ ಇರುತ್ತಿರಲಿಲ್ಲ.

ಸಂಗ್ರಹಾಲಯದ ಫಲಕ ಓದಿದ ಹೊರಊರಿನವರು ದಿನಕರ್ ಕೇಳ್ಕರ್ ಯಾವುದೋ ಸಂಸ್ಥಾನದ ರಾಜ ಎಂದುಕೊಳ್ಳುವುದುಂಟು. ಮರಾಠಿಯ ರೂಢಿಯಲ್ಲಿ ಮೊದಲು ಸ್ವಂತ ಹೆಸರು, ಆಮೇಲೆ ತಂದೆಯದು, ಕೊನೆಗೆ ಮನೆತನದ್ದು. ರಾಜಾ ಎಂಬುದು ಎಳವೆಯಲ್ಲೇ ತೀರಿಹೋದ ಅವರ ಮಗನ ಹೆಸರು. ಆ ಮಗುವಿನ ಹೆಸರಿನ ಕೆಳಗೆ, ಹೆಸರು ಬಿಟ್ಟುಹೋಗದ ಸಾವಿರಾರು ಕೈಗಳ ಕೆಲಸ ಕಾಪಾಡಿಕೊಂಡು ಬಂದಿದೆ. ಇದನ್ನೆಲ್ಲ ಕೂಡಿಟ್ಟ ಕೇಳ್ಕರ್ ತಮ್ಮ ಕವಿತೆಗಳಿಗೆ ಇಟ್ಟುಕೊಂಡಿದ್ದ ಕಾವ್ಯನಾಮ ‘ಅಜ್ಞಾತವಾಸಿ’.