ನೆತ್ತರು ಹೆಪ್ಪುಗಟ್ಟದಂತೆ: ಕೃತಕ ಶ್ವಾಸಕೋಶದ ಹಳೆಯ ಹೋರಾಟ

1930ರ ದಶಕದ ಆರಂಭ, ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆ. ಶ್ವಾಸಕೋಶದ ರಕ್ತನಾಳಕ್ಕೆ ಹೆಪ್ಪು ಸಿಕ್ಕಿ ಉಸಿರಿಗೆ ಹೆಣಗುತ್ತಿದ್ದ ಮಹಿಳೆಯೊಬ್ಬರ ಬಳಿ ಯುವ ವೈದ್ಯ ಜಾನ್ ಗಿಬ್ಬನ್ ರಾತ್ರಿಯಿಡೀ ಕಾವಲಿದ್ದರು. ಬೆಳಗ್ಗೆ ಶಸ್ತ್ರಚಿಕಿತ್ಸೆ ಮಾಡಿದರೂ ಆಕೆ ಉಳಿಯಲಿಲ್ಲ. ಕಪ್ಪಾದ ರಕ್ತವನ್ನು ಹೊರತೆಗೆದು, ಆಮ್ಲಜನಕ ಬೆರೆಸಿ, ಮತ್ತೆ ದೇಹಕ್ಕೆ ಹರಿಸಬಹುದಲ್ಲವೇ ಎಂಬ ಯೋಚನೆ ಹುಟ್ಟಿದ್ದು ಆ ಹಾಸಿಗೆಯ ಪಕ್ಕದಲ್ಲಿ. ಹೆಪ್ಪಿನ ಕಾರಣಕ್ಕೆ ಹುಟ್ಟಿದ ಆ ಯಂತ್ರವನ್ನು ಹೆಪ್ಪೇ ಬೆನ್ನುಹತ್ತಿತು.

ಹಾಲು ಮೊಸರಾಗಲು ಒಂದು ತೊಟ್ಟು ಹೆಪ್ಪು ಸಾಕು. ರಕ್ತದ ಪಾಲಿಗೆ ಪ್ಲಾಸ್ಟಿಕ್ ಕೊಳವೆಯ ಗೋಡೆಯೇ ಆ ಹೆಪ್ಪು. ರಕ್ತನಾಳದ ಒಳಪದರ ಬಿಟ್ಟು ಬೇರೆ ಯಾವ ಮೇಲ್ಮೈಯನ್ನೂ ರಕ್ತ ತನ್ನದೆಂದು ಒಪ್ಪುವುದಿಲ್ಲ. ಕ್ಷಣಗಳಲ್ಲೇ ಫೈಬ್ರಿನೋಜನ್ ಎಂಬ ರಕ್ತದ ಪ್ರೋಟೀನ್ ಗೋಡೆಗೆ ಅಂಟುತ್ತದೆ, ಅದರ ಮೇಲೆ ಪ್ಲೇಟ್‌ಲೆಟ್‌ಗಳು ಕೂರುತ್ತವೆ. ಇನ್ನೊಂದು ಕಡೆ ರಕ್ತದ ಇನ್ನೊಂದು ಪ್ರೋಟೀನಾದ ಹನ್ನೆರಡನೆಯ ಅಂಶ (ಫ್ಯಾಕ್ಟರ್ 12) ಕೆರಳಿ ಹೆಪ್ಪುಗಟ್ಟುವ ಸರಪಳಿ ಕ್ರಿಯೆ ಶುರುವಾಗುತ್ತದೆ. ಯಂತ್ರದಲ್ಲಿ ರಕ್ತಕ್ಕೆ ಆಮ್ಲಜನಕ ಬೆರೆಸುವ ಭಾಗವಾದ ಆಕ್ಸಿಜನೇಟರಿನಲ್ಲಿ, ವಯಸ್ಕರದ್ದಾದರೆ, ಸುಮಾರು ಎರಡು ಚದರ ಮೀಟರಿನಷ್ಟು ಇಂಥ ಪರಕೀಯ ಮೇಲ್ಮೈ ಇರುತ್ತದೆ.

ಇದಕ್ಕೆ ಸಿಕ್ಕ ಮದ್ದು ಹೆಪಾರಿನ್. 1916ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ವಿದ್ಯಾರ್ಥಿ ಜೇ ಮೆಕ್ಲೀನ್, ಗುರು ವಿಲಿಯಂ ಹೊವೆಲ್ ಅವರ ಪ್ರಯೋಗಾಲಯದಲ್ಲಿ ರಕ್ತ ಹೆಪ್ಪುಗಟ್ಟಿಸುವ ವಸ್ತುವನ್ನು ಹುಡುಕುತ್ತಿದ್ದರು. ಸಿಕ್ಕಿದ್ದು ಅದಕ್ಕೆ ತದ್ವಿರುದ್ಧವಾದದ್ದು! ಟೊರಾಂಟೊ ಮತ್ತು ಸ್ಟಾಕ್‌ಹೋಮ್‌ನಲ್ಲಿ ಅದು ಶುದ್ಧಗೊಂಡು ಕೈಗೆ ಬರದಿದ್ದರೆ ಗಿಬ್ಬನ್ನರ ಯಂತ್ರ ಕಾಗದದಲ್ಲೇ ಉಳಿಯುತ್ತಿತ್ತು. 1953ರ ಮೇ 6ರಂದು ಫಿಲಡೆಲ್ಫಿಯಾದಲ್ಲಿ 18 ವರ್ಷದ ಯುವತಿಯ ಹೃದಯದ ರಂಧ್ರವನ್ನು ಮುಚ್ಚುವಾಗ ಯಂತ್ರ 26 ನಿಮಿಷ ಆಕೆಯ ಹೃದಯ, ಶ್ವಾಸಕೋಶಗಳೆರಡರ ಹೊರೆಯನ್ನೂ ಹೊತ್ತಿತು. ನಡುವೆ ಹೆಪಾರಿನ್ ಸಾಲದೆ ಆಕ್ಸಿಜನೇಟರಿನ ಪರದೆಗಳ ಮೇಲೆ ಹೆಪ್ಪಿನ ಎಳೆಯಾದ ಫೈಬ್ರಿನ್ ಕಟ್ಟತೊಡಗಿತ್ತು. ಯುವತಿ ಬದುಕಿದಳು.

ಮುಂದೆ ಆಕ್ಸಿಜನೇಟರಿನ ರೂಪ ಬದಲಾಯಿತು. 1955ರಲ್ಲಿ ಮಿನೆಸೋಟದ ರಿಚರ್ಡ್ ಡಿವಾಲ್ ರಕ್ತಕ್ಕೆ ನೇರವಾಗಿ ಆಮ್ಲಜನಕದ ಗುಳ್ಳೆ ಹಾಯಿಸುವ ಅಗ್ಗದ ಸಾಧನ ತಂದರು. ಗುಳ್ಳೆಗಳು ರಕ್ತಕಣಗಳನ್ನು ಜಜ್ಜುತ್ತಿದ್ದುದರಿಂದ ಕ್ರಮೇಣ ಪೊರೆಯ ಆಕ್ಸಿಜನೇಟರುಗಳು, 1980ರ ದಶಕದಲ್ಲಿ ಪಾಲಿಪ್ರೊಪಿಲೀನ್‌ನ ಟೊಳ್ಳು ಎಳೆಗಳವು ಬಂದವು.

ಹೆಪಾರಿನ್ ಎಷ್ಟು ಕೊಡಬೇಕೆಂಬುದು ಮಾತ್ರ ಬಹುಕಾಲ ಅಂದಾಜಿನ ಮಾತಾಗಿತ್ತು. ಒಂದೇ ತೂಕದ ಇಬ್ಬರ ರಕ್ತ ಒಂದೇ ಪ್ರಮಾಣಕ್ಕೆ ಒಂದೇ ರೀತಿ ಸ್ಪಂದಿಸುವುದಿಲ್ಲ. 1966ರಲ್ಲಿ ಹ್ಯಾಟರ್ಸ್‌ಲಿ ರೂಪಿಸಿದ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯವನ್ನು ಅಳೆಯುವ ಎಸಿಟಿ ಪರೀಕ್ಷೆಯನ್ನು 1975ರಲ್ಲಿ ಬುಲ್ ಮತ್ತು ಸಂಗಡಿಗರು ಶಸ್ತ್ರಚಿಕಿತ್ಸಾ ಕೊಠಡಿಯ ಶಿಸ್ತಾಗಿಸಿದರು. 480 ಸೆಕೆಂಡಿನ ಗುರಿ ಅವರದು. ನನ್ನ ದೃಷ್ಟಿಯಲ್ಲಿ, ಯಾವ ಹೊಸ ಪೊರೆಗಿಂತಲೂ ಹೆಚ್ಚು ಜೀವ ಉಳಿಸಿದ್ದು ಈ ಸರಳ ಅಳತೆ.

ಆದರೆ ಹೆಪಾರಿನ್ ರಕ್ತದ ಬಾಯಿ ಕಟ್ಟುತ್ತದೆಯೇ ಹೊರತು ಗೋಡೆಯನ್ನು ಬದಲಿಸುವುದಿಲ್ಲ. ರಕ್ತದ್ದೇ ಆದ ಪ್ರೋಟೀನ್ ಆಂಟಿಥ್ರಾಂಬಿನ್‌ನ ನೆರವಿಲ್ಲದೆ ಅದು ಕೆಲಸ ಮಾಡದು. ಆಗಲೇ ಕಟ್ಟಿದ ಹೆಪ್ಪಿನೊಳಗೆ ಅಡಗಿದ, ಹೆಪ್ಪುಗಟ್ಟಿಸುವ ಕಿಣ್ವವಾದ ಥ್ರಾಂಬಿನ್ ಅದರ ಕೈಗೆ ಸಿಗುವುದು ಕಷ್ಟ. ಕೆಲವರಲ್ಲಿ ಹೆಪಾರಿನ್ನೇ ಪ್ರತಿಕಾಯಗಳನ್ನು ಹುಟ್ಟಿಸಿ ಹೆಪ್ಪುಗಟ್ಟಿಸುತ್ತದೆ. ಶಸ್ತ್ರಚಿಕಿತ್ಸೆಯ ಕೊನೆಯಲ್ಲಿ ಪ್ರೋಟಮಿನ್ ಎಂಬ ಮದ್ದು ಕೊಟ್ಟು ಅದನ್ನು ತಟಸ್ಥಗೊಳಿಸಬೇಕು, ಅದಕ್ಕೂ ತನ್ನದೇ ಅಪಾಯಗಳಿವೆ.

ಹಾಗಾಗಿ ಗಮನ ಗೋಡೆಯತ್ತ ಹರಿಯಿತು. 1963ರಲ್ಲಿ ವಿನ್ಸೆಂಟ್ ಗಾಟ್ ಗ್ರಾಫೈಟ್ ಲೇಪನಕ್ಕೆ ಹೆಪಾರಿನ್ ಹಿಡಿಸಿದರು. 1980ರ ದಶಕದಲ್ಲಿ ಸ್ವೀಡನ್ನಿನವರು ಹೆಪಾರಿನ್ ಅಣುವಿನ ಒಂದು ತುದಿಯನ್ನು ಮಾತ್ರ ಗೋಡೆಗೆ ಬಿಗಿದು ಉಳಿದ ಭಾಗವನ್ನು ರಕ್ತದಲ್ಲಿ ತೂಗಾಡಲು ಬಿಟ್ಟರು. 2014ರಲ್ಲಿ, ಗೋಡೆ ತಾಕಿ ಕೆರಳುವ ಹನ್ನೆರಡನೆಯ ಅಂಶವನ್ನೇ ತಡೆಯುವ ಪ್ರತಿಕಾಯವೊಂದು ಮೊಲಗಳಿಗೆ ಜೋಡಿಸಿದ ಯಂತ್ರದಲ್ಲಿ ರಕ್ತಸ್ರಾವ ಹೆಚ್ಚಿಸದೆ ಹೆಪ್ಪನ್ನು ತಡೆಯಿತು. ಸರಪಳಿಯನ್ನು ಅದರ ಮೊದಲಲ್ಲೇ ತಡೆಯುವ ಈ ದಾರಿಯೇ ಸರಿಯಾದದ್ದೆಂದು ನನಗನ್ನಿಸುತ್ತದೆ.

ಆದರೂ ಇಂದು ಲೇಪಿತ ಕೊಳವೆಗಳ ಮುಂದೆ ನಿಂತ, ಯಂತ್ರ ನಡೆಸುವ ತಂತ್ರಜ್ಞ (ಪರ್ಫ್ಯೂಷನಿಸ್ಟ್) ಮೊದಲು ನೋಡುವುದು ಎಸಿಟಿಯ ಅಂಕಿಯನ್ನು. ಸಾಮಾನ್ಯವಾಗಿ ಅದು 400ರಿಂದ 480 ಸೆಕೆಂಡಿನ ಗಡಿ ಮುಟ್ಟದೆ ಹೃದಯ-ಶ್ವಾಸಕೋಶ ಯಂತ್ರ ಚಾಲೂ ಆಗುವುದಿಲ್ಲ.