ಆಳಿಗೊಂದು ಕಲ್ಲು: ಎರಡು ನಾಡುಗಳ ತೋಳದ ಚರಿತ್ರೆ

ವಾರಾಂತ್ಯದ ಕನ್ನಡ ತರಗತಿಯಲ್ಲಿ 'ತೋಳ ಬಂತು ತೋಳ' ಕಥೆಯನ್ನು ಹೇಳಿ ಮುಗಿಸಿದಾಗ ಎಂಟು ವರ್ಷದ ಬಾಲಕಿಯೊಬ್ಬಳು ಒಂದು ಪ್ರಶ್ನೆ ಕೇಳಿದಳು: "ಆಮೇಲೆ ಆ ತೋಳ ಏನಾಯಿತು?" ಸುಳ್ಳು ಹೇಳಿದ ಹುಡುಗನಿಗೆ ಬುದ್ಧಿ ಬಂತು, ಕುರಿಗಳು ಹೋದವು ಎಂಬಲ್ಲಿಗೆ ನಮ್ಮ ಕಥೆ ನಿಲ್ಲುತ್ತದೆ. ತೋಳದ ಗತಿಯನ್ನು ನಾವಾರೂ ಯೋಚಿಸಿರಲಿಲ್ಲ. ಅವಳ ಪ್ರಶ್ನೆಗೆ ಉತ್ತರ ಹುಡುಕಹೊರಟಾಗ, ನಾವು ಬಿಟ್ಟುಬಂದ ನಾಡು ಮತ್ತು ಬಂದು ನೆಲೆಸಿದ ನಾಡು ಎರಡರ ಚರಿತ್ರೆಯೂ ಒಂದೇ ದಾರಿಯಲ್ಲಿ ನಡೆದುಬಂದಿರುವುದು ಕಂಡಿತು.

ನಾವಿರುವ ಲಿನ್‌ವುಡ್ಡಿನಿಂದಲೇ ಆರಂಭಿಸೋಣ. ನೂರು ವರ್ಷಗಳ ಹಿಂದೆ ಈ ಊರಿಗೆ ಆಲ್ಡರ್‌ವುಡ್ ಮ್ಯಾನರ್ ಎಂಬ ಹೆಸರಿತ್ತು. ಪ್ಯೂಜೆಟ್ ಮಿಲ್ ಕಂಪನಿಯು ಇಲ್ಲಿನ ಕಾಡನ್ನು ಕಡಿದು ಮಾರಿದ ಬಳಿಕ, ಮೋಟುಗಳು ತುಂಬಿದ ನೆಲವನ್ನು ಸಣ್ಣ ಸಣ್ಣ ತುಂಡುಗಳಾಗಿ ಕೋಳಿ ಸಾಕುವವರಿಗೆ ಮಾರಿತು. 1917ರಲ್ಲಿ ಮಾದರಿ ತೋಟವೊಂದನ್ನೂ ತೆರೆಯಿತು. ಲಿನ್‌ವುಡ್ ನಗರವಾಗಿ ರೂಪುಗೊಂಡದ್ದು 1959ರಲ್ಲಿ. ಇಂದು ಇಲ್ಲಿ ತೋಳವಿಲ್ಲ. ಅದರ ಚಿಕ್ಕ ದಾಯಾದಿಯಾದ ಕಯೋಟಿ ಮಾತ್ರ ಮುಂಜಾವಿನಲ್ಲಿ ನಮ್ಮ ಹಿತ್ತಿಲುಗಳನ್ನು ಹಾದುಹೋಗುತ್ತದೆ. ಹಿರಿಯಣ್ಣ ಎಲ್ಲಿ ಹೋದ?

ಉತ್ತರಕ್ಕಾಗಿ 1843ಕ್ಕೆ ಹೋಗಬೇಕು. ಇಂದಿನ ವಾಷಿಂಗ್ಟನ್ ರಾಜ್ಯವು ಆಗ 'ಆರೆಗನ್ ಸೀಮೆ'ಯ ಭಾಗ. ಅಲ್ಲಿಯ ವಿಲಮೆಟ್ ಕಣಿವೆಯ ವಲಸಿಗ ರೈತರು ಅದೇ ವರ್ಷದ ಫೆಬ್ರವರಿ 2 ಮತ್ತು ಮಾರ್ಚ್ 6ರಂದು ಸಭೆ ಸೇರಿದರು. ಇವು ಚರಿತ್ರೆಯಲ್ಲಿ 'ತೋಳದ ಸಭೆಗಳು' ಎಂದೇ ಹೆಸರಾಗಿವೆ. ದನಕರುಗಳನ್ನು ಹಿಡಿಯುವ ಮೃಗಗಳನ್ನು ಕೊಂದವರಿಗೆ ಕೊಡಲು ಎಲ್ಲರೂ ವಂತಿಗೆ ಹಾಕಬೇಕೆಂದು ತೀರ್ಮಾನವಾಯಿತು. ಸಣ್ಣ ತೋಳಕ್ಕೆ 50 ಸೆಂಟು, ದೊಡ್ಡ ತೋಳಕ್ಕೆ 3 ಡಾಲರು, ಕರಡಿಗೆ 2, ಕೂಗರ್ ಎಂಬ ಬೆಟ್ಟದ ಸಿಂಹಕ್ಕೆ 5. ಕೊಂದವನು ಮೂಲನಿವಾಸಿಯಾದರೆ ಬಿಳಿಯರಿಗೆ ಸಿಗುವುದರ ಅರ್ಧ ಮಾತ್ರ. ಇದೇ ಸಭೆಗಳ ಮುಂದುವರಿಕೆಯಾಗಿ ಮೇ 2ರಂದು ಶಾಂಪೊಯೆಗ್‌ನಲ್ಲಿ ಮತ್ತೆ ನೆರೆದ ಜನ, ಅಲ್ಪ ಬಹುಮತದಿಂದ ತಮ್ಮದೇ ತಾತ್ಕಾಲಿಕ ಸರ್ಕಾರ ರಚಿಸಲು ಒಪ್ಪಿದರು. ಪೆಸಿಫಿಕ್ ವಾಯವ್ಯದ ಮೊದಲ ನಾಗರಿಕ ಆಡಳಿತಕ್ಕೆ ನೆಪವಾದದ್ದು ತೋಳ!

"ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು" ಎಂಬುದು ನಮ್ಮ ಗಾದೆ. ಆ ಸಭೆಗಳಲ್ಲಿ ಆದದ್ದೂ ಅದೇ. ಕಲ್ಲಿನ ಬದಲು ಆಳಿಗೊಂದು ವಂತಿಗೆ. ಬಂದೂಕು, ಬೋನು, ಸ್ಟ್ರಿಕ್ನಿನ್ ವಿಷಗಳು ಮುಂದಿನ ಕೆಲಸ ಮಾಡಿದವು. 1930ರ ದಶಕದ ಹೊತ್ತಿಗೆ ವಾಷಿಂಗ್ಟನ್ ರಾಜ್ಯದಲ್ಲಿ ತೋಳಗಳ ಹಿಂಡು ಉಳಿಯಲಿಲ್ಲ.

ಭಾರತದಲ್ಲಿಯೂ ಆ ಕಾಲದ ನೀತಿ ಬೇರೆಯಾಗಿರಲಿಲ್ಲ. 1875ರಿಂದ 1925ರವರೆಗಿನ ಐವತ್ತು ವರ್ಷಗಳಲ್ಲಿ ಬ್ರಿಟಿಷ್ ಭಾರತದಲ್ಲಿ ಬಹುಮಾನಕ್ಕಾಗಿ 80,000ಕ್ಕೂ ಹೆಚ್ಚು ಹುಲಿಗಳು, 1,50,000ಕ್ಕೂ ಹೆಚ್ಚು ಚಿರತೆಗಳು ಮತ್ತು ಸುಮಾರು 2,00,000 ತೋಳಗಳು ಹತವಾದವೆಂದು ಇತಿಹಾಸಕಾರ ಮಹೇಶ್ ರಂಗರಾಜನ್ ಲೆಕ್ಕಹಾಕಿದ್ದಾರೆ. ಮೈಸೂರು ಸಂಸ್ಥಾನವೂ ಕ್ರೂರಮೃಗಗಳನ್ನು ಕೊಂದವರಿಗೆ ಇನಾಮು ಕೊಡುತ್ತಿತ್ತು. ಕುರುಚಲು ಬಯಲುಗಳನ್ನು ಕಂದಾಯದ ಲೆಕ್ಕದಲ್ಲಿ 'ಬಂಜರು' ಎಂದು ಬರೆದದ್ದು ಇನ್ನೊಂದು ಪೆಟ್ಟು. ತೋಳ ದಟ್ಟ ಕಾಡಿನ ಪ್ರಾಣಿಯಲ್ಲ. ಕೃಷ್ಣಮೃಗ ಮೇಯುವ ಬಯಲೇ ಅದರ ಮನೆ. ಬಯಲು ಉಳುಮೆಗೆ ಹೋಯಿತು, ಕೃಷ್ಣಮೃಗ ಕಡಿಮೆಯಾಯಿತು, ತೋಳಕ್ಕೆ ಕುರಿಮಂದೆಯೇ ಗತಿಯಾಯಿತು.

ಆದರೆ ಕೊಪ್ಪಳ, ಬಳ್ಳಾರಿ, ಬಾಗಲಕೋಟೆಗಳ ಕುರಿಗಾಹಿಗಳ ಲೋಕದಲ್ಲಿ ತೋಳ ಬರಿಯ ಶತ್ರುವಾಗಿರಲಿಲ್ಲ. ಮಂದೆಯಿಂದ ತೋಳ ಒಯ್ದ ಮರಿಯನ್ನು 'ಅದರ ಪಾಲು' ಎಂದು ಎಣಿಸುವವರು ದಖ್ಖನ್ನಿನ ಕುರುಬರಲ್ಲಿ ಇಂದಿಗೂ ಇದ್ದಾರೆ. ಇದನ್ನು ಅತಿಯಾಗಿ ಹೊಗಳುವುದೂ ಬೇಡ. ಗವಿಗೆ ಹೊಗೆಯಿಟ್ಟು ಮರಿಗಳನ್ನು ಕೊಂದವರೂ ಅದೇ ಬಯಲಿನವರು. ವರ್ಷವಿಡೀ ಮಂದೆಯ ಹಿಂದೆ ನಡೆದು, ರಾತ್ರಿ ಕಂಬಳಿ ಹೊದ್ದು ಹೊಲದಲ್ಲೇ ಮಲಗುವವನಿಗೆ ಒಂದು ಕುರಿಯ ಬೆಲೆ ಏನೆಂದು ನಗರದವರಿಗೆ ತಿಳಿಯುವುದು ಕಷ್ಟ.

ಎರಡೂ ದೇಶಗಳಲ್ಲಿ ಗಾಳಿ ತಿರುಗಿದ್ದು ಹೆಚ್ಚು ಕಡಿಮೆ ಒಂದೇ ಹೊತ್ತಿಗೆ. ಭಾರತದ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರಲ್ಲಿ, ಅಮೆರಿಕದ ಅಳಿವಿನಂಚಿನ ಜೀವಿಗಳ ಕಾಯ್ದೆ 1973ರಲ್ಲಿ ಬಂದವು. 1974ರಲ್ಲಿ ಮಂಡ್ಯ ಜಿಲ್ಲೆಯ ಮೇಲುಕೋಟೆಯ ಸುತ್ತಣ ಬೆಟ್ಟಗಳು ತೋಳಗಳ ರಕ್ಷಣೆಗೆಂದೇ ಅಭಯಾರಣ್ಯವಾದವು. ಚೆಲುವನಾರಾಯಣನ ದರ್ಶನಕ್ಕೆ ಹೋದ ನಮ್ಮಲ್ಲಿ ಎಷ್ಟು ಮಂದಿಗೆ ಇದು ಗೊತ್ತು? ಈಚೆಗೆ ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿಯೂ ತೋಳಧಾಮವೊಂದು ರೂಪುಗೊಂಡಿದೆ.

ವಾಷಿಂಗ್ಟನ್ನಿಗೆ ತೋಳಗಳನ್ನು ಯಾರೂ ತಂದು ಬಿಡಲಿಲ್ಲ. ನೆರೆಯ ಐಡಾಹೊ ಮತ್ತು ಕೆನಡಾಗಳಿಂದ ಅವು ತಾವಾಗಿ ನಡೆದುಬಂದವು. 2008ರಲ್ಲಿ ಮೆಥಾವ್ ಕಣಿವೆಯಲ್ಲಿ ಮರಿ ಹಾಕಿದ ಹಿಂಡೊಂದು ದೃಢಪಟ್ಟಿತು. ಅವುಗಳೊಡನೆ ಹಳೆಯ ಜಗಳವೂ ಮರಳಿತು. 2012ರಲ್ಲಿ ದನಗಳ ಮೇಲೆ ಎರಗಿದ 'ವೆಜ್' ಹಿಂಡಿನ ಏಳು ತೋಳಗಳನ್ನು ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆ ಕೊಂದಿತು. ಹೆಲಿಕಾಪ್ಟರಿನಿಂದಲೂ ಗುಂಡು ಹಾರಿಸಲಾಯಿತು. 2016ರಲ್ಲಿ 'ಪ್ರೊಫ್ಯಾನಿಟಿ ಪೀಕ್' ಹಿಂಡಿನ ಏಳು ತೋಳಗಳು ಅದೇ ಗತಿ ಕಂಡವು. ಸರ್ಕಾರಿ ಅರಣ್ಯದಲ್ಲಿ ಖಾಸಗಿ ದನ ಮೇಯಿಸಿ, ಅದಕ್ಕಾಗಿ ತೋಳ ಕೊಲ್ಲುವುದು ನ್ಯಾಯವೇ ಎಂದು ಒಂದು ಪಕ್ಷ ಕೇಳಿತು. ತಲೆಮಾರುಗಳಿಂದ ಮೇಯಿಸಿದ ನೆಲದಲ್ಲಿ ನಷ್ಟವನ್ನು ನಾವೊಬ್ಬರೇ ಏಕೆ ಹೊರಬೇಕೆಂದು ಇನ್ನೊಂದು ಪಕ್ಷ ಕೇಳಿತು. ಈ ವಾಗ್ವಾದದಿಂದ 2017ರಲ್ಲಿ ಒಂದು ಕಟ್ಟುಪಾಡು ಮೂಡಿತು. ದನಗಾಹಿಯು ಕಾವಲುಸವಾರರು, ದೀಪ, ಬೇಲಿ ಮುಂತಾದ ಉಪಾಯಗಳಲ್ಲಿ ಕನಿಷ್ಠ ಎರಡನ್ನು ಮೊದಲು ಕೈಗೊಂಡಿರಬೇಕು. ಆ ಬಳಿಕವೂ 30 ದಿನಗಳಲ್ಲಿ ಮೂರು, ಇಲ್ಲವೇ ಹತ್ತು ತಿಂಗಳಲ್ಲಿ ನಾಲ್ಕು ದಾಳಿಗಳಾದರೆ ಮಾತ್ರ ಕೊಲ್ಲುವ ಯೋಚನೆ. 2023ರ ಕೊನೆಗೆ ರಾಜ್ಯದಲ್ಲಿ ಎಣಿಕೆಗೆ ಸಿಕ್ಕ ತೋಳಗಳು 260. ಮರುವರ್ಷ ಅದು 230ಕ್ಕೆ ಇಳಿಯಿತು.

ಒಂದು ಮೃಗವನ್ನು ತೆಗೆದೊಡನೆ ಲೆಕ್ಕ ಮುಗಿಯುವುದಿಲ್ಲ ಎಂಬುದಕ್ಕೆ ಆಸ್ಟ್ರೇಲಿಯ ಸಾಕ್ಷಿ. ಕುರಿಗಳನ್ನು ಉಳಿಸಲು ಅಲ್ಲಿ ಡಿಂಗೊ ಎಂಬ ಕಾಡುನಾಯಿಯನ್ನು ಸುಮಾರು 5,600 ಕಿಲೋಮೀಟರ್ ಉದ್ದದ ಬೇಲಿಯಾಚೆಗೆ ತಳ್ಳಿದರು. ಬೇಲಿಯೊಳಗೆ ಕಾಂಗರೂಗಳು ಹೆಚ್ಚಿ ಕುರಿಯ ಹುಲ್ಲಿಗೆ ಪಾಲುದಾರರಾದವು. ಈಗ ಅವನ್ನು ಗುಂಡಿಟ್ಟು ಕೊಲ್ಲಬೇಕೇ ಎಂಬುದು ಅಲ್ಲಿಯ ಮುಗಿಯದ ಚರ್ಚೆ.

ತೋಳದ ಪರವಾಗಿ ಮಾತಾಡುವುದು ನಮಗೆ ಸುಲಭ. ಕ್ಯಾಸ್ಕೇಡ್ ಬೆಟ್ಟಗಳ ಪಶ್ಚಿಮದ ನಗರಗಳಲ್ಲಿ ಮತಗಳು ಹೆಚ್ಚು, ಪೂರ್ವದಲ್ಲಿ ತೋಳಗಳು ಹೆಚ್ಚು. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ, ವಿಷವಿಟ್ಟ ಹಸುವಿನ ಕಳೇಬರ ತಿಂದು ಒಂದು ತಾಯಿಹುಲಿ ಮತ್ತು ನಾಲ್ಕು ಮರಿಗಳು ಸತ್ತ ಸುದ್ದಿ ಓದಿ ನಾವೆಲ್ಲ ಮರುಗಿದೆವು. ಮರುಗಬೇಕಾದದ್ದೇ. ಆದರೆ ಹುಲಿಯ ಬಾಯಿಗೆ ಹಸು ಹೋದ ಮನೆಯ ಕೋಪವನ್ನು ಅಪರಾಧವೆಂದಷ್ಟೇ ಕಂಡರೆ ಮುಂದಿನ ವಿಷವನ್ನು ತಡೆಯಲಾಗದು. ಕಾಡುಪ್ರಾಣಿ ಎಲ್ಲರ ಸೊತ್ತಾದರೆ ಅದರ ಊಟದ ಖರ್ಚೂ ಎಲ್ಲರದಾಗಬೇಕು. ಎರಡೂ ನಾಡುಗಳಲ್ಲಿ ಪರಿಹಾರಧನವಿದೆ. ಆದರೆ ತೋಳವೇ ತಿಂದದ್ದೆಂದು ತೋರಿಸಲು ಬೇಕಾದ ಕಳೇಬರ ಕುರುಚಲಿನಲ್ಲಿಯೋ ಕಣಿವೆಯಲ್ಲಿಯೋ ಸಿಗದೆ ಹೋದರೆ, ಬಡ ಕುರಿಗಾಹಿಯ ಕೈ ಬರಿದೇ.

2024ರ ಜುಲೈನಲ್ಲಿ ವಾಷಿಂಗ್ಟನ್ನಿನ ವನ್ಯಜೀವಿ ಆಯೋಗವು ತೋಳವನ್ನು 'ಅಳಿವಿನಂಚಿನ' ಪಟ್ಟಿಯಲ್ಲೇ ಉಳಿಸಲು ಒಂದೇ ಮತದ ಅಂತರದಿಂದ ತೀರ್ಮಾನಿಸಿತು. ಚರ್ಚೆ ಮುಗಿದಿಲ್ಲ, ಆಯೋಗದ ಸಭೆಗಳಲ್ಲಿ ಸಾರ್ವಜನಿಕರು ಮಾತಾಡಲು ಅವಕಾಶವೂ ಇದೆ. ಎರಡೂ ಕಡೆಯವರ ಮಾತು ಕೇಳಿ ನಮ್ಮ ಮಾತು ಸೇರಿಸಬೇಕಾದ ಕಾಲವಿದು.

ಆ ಬಾಲಕಿಗೆ ನಾನು ಕೊಟ್ಟ ಉತ್ತರವಿಷ್ಟು: "ತೋಳವನ್ನು ಓಡಿಸಿಬಿಟ್ಟರು ಮಗು. ತುಂಬಾ ದಿನಗಳಾದ ಮೇಲೆ ಅದು ನಡೆದುಕೊಂಡು ವಾಪಸು ಬಂದಿದೆ." ಸದಸ್ಯ ಕುಟುಂಬಗಳ ಹಿರಿಯರಲ್ಲಿ, ವಿಶೇಷವಾಗಿ ಕೊಪ್ಪಳ, ಹಾವೇರಿ, ಬಳ್ಳಾರಿ ಕಡೆಯವರಲ್ಲಿ, ತೋಳ ಮತ್ತು ಕುರಿಮಂದೆಯ ನೆನಪುಗಳಿದ್ದರೆ ದಯವಿಟ್ಟು ಬರೆದು ಕಳುಹಿಸಿ. ಮುಂದಿನ ತರಗತಿಯಲ್ಲಿ ಮಕ್ಕಳಿಗೆ ಓದಿ ಹೇಳುತ್ತೇವೆ.