ಪಾಲು, ಗುಂಟೆ ಮತ್ತು ಸಮಚ್ಛೇದ

ಎಂಟರಲ್ಲೊಂದು ಪಾಲು ದೊಡ್ಡದೋ, ಆರರಲ್ಲೊಂದು ಪಾಲು ದೊಡ್ಡದೋ? ಎಂಟು ದೊಡ್ಡ ಸಂಖ್ಯೆ, ಆದ್ದರಿಂದ ಪಾಲೂ ದೊಡ್ಡದೆಂದು ತಿಳಿಯುವವರು ನಮ್ಮಲ್ಲಿದ್ದಾರೆ. ಆಸ್ತಿ ಹಂಚಿಕೆಯಲ್ಲಿ ಇಂಥ ಅಜ್ಞಾನದ ಬೆಲೆ ತೆರುವವರು ಹೆಚ್ಚಾಗಿ ಹೆಂಗಸರೇ.

ಭಿನ್ನರಾಶಿಗಳನ್ನು ಹೋಲಿಸಬೇಕಾದರೆ ಮೊದಲು ಅವುಗಳ ಛೇದವನ್ನು ಒಂದೇ ಮಾಡಿಕೊಳ್ಳಬೇಕು. ಈ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಕ್ರಿ.ಶ. 9ನೇ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಜೈನ ವಿದ್ವಾಂಸ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದರು. ಛೇದಗಳ ಲಘುತಮ ಸಾಮಾನ್ಯ ಅಪವರ್ತ್ಯವನ್ನು ಅವರು 'ನಿರುದ್ಧ' ಎಂದು ಕರೆದರು. ಛೇದಗಳ ಸಾಮಾನ್ಯ ಅಪವರ್ತನವನ್ನು ಉಳಿದ ಭಾಗಲಬ್ಧಗಳೊಂದಿಗೆ ಗುಣಿಸುವುದು ಅವರ ಕ್ರಮ. 8 ಮತ್ತು 6ಕ್ಕೆ ಸಾಮಾನ್ಯ ಅಪವರ್ತನ 2, ಭಾಗಲಬ್ಧಗಳು 4 ಮತ್ತು 3. ಗುಣಿಸಿದರೆ 24. ಈಗ ಎಂಟರಲ್ಲೊಂದು ಎಂದರೆ 24ರಲ್ಲಿ 3, ಆರರಲ್ಲೊಂದು ಎಂದರೆ 24ರಲ್ಲಿ 4. ವಾದಕ್ಕೆ ಎಡೆಯಿಲ್ಲ.

ಅದೇ ಶತಮಾನದಲ್ಲಿ ಬಗ್ದಾದಿನಲ್ಲಿದ್ದ ಅಲ್ ಖ್ವಾರಿಝ್ಮಿ ತಮ್ಮ ಬೀಜಗಣಿತ ಗ್ರಂಥದ ದೊಡ್ಡ ಭಾಗವನ್ನು ವಾರೀಸು ಮತ್ತು ವಸಿಯ್ಯತ್‌ನ ಲೆಕ್ಕಗಳಿಗೇ ಮೀಸಲಿಟ್ಟರು. ಪವಿತ್ರ ಕುರ್‌ಆನಿನ 'ಅನ್ನಿಸಾ' ಅಧ್ಯಾಯ ನಿಗದಿಪಡಿಸಿದ ಪಾಲುಗಳು ಆರು: 1/2, 1/4, 1/8, 2/3, 1/3, 1/6. ಈ ಆರಕ್ಕೂ ಸಮಚ್ಛೇದ 24.

ಮದ್ದೂರು ತಾಲೂಕಿನ ಚಿಕ್ಕರಸಿನಕೆರೆಯಲ್ಲಿ ಒಬ್ಬರು 3 ಎಕರೆ 24 ಗುಂಟೆ ಜಮೀನು ಬಿಟ್ಟು ತೀರಿಕೊಂಡರೆಂದು ಇಟ್ಟುಕೊಳ್ಳೋಣ. ಎಕರೆಗೆ 40 ಗುಂಟೆಯಂತೆ ಒಟ್ಟು 144 ಗುಂಟೆ. ಸಾಲವಿಲ್ಲ, ವಸಿಯ್ಯತ್ ಇಲ್ಲ. ತಾಯಿ, ಪತ್ನಿ, ಒಬ್ಬ ಮಗ, ಒಬ್ಬ ಮಗಳು ವಾರೀಸುದಾರರು. ಫರಾಯಿಝ್ ಲೆಕ್ಕದಂತೆ ಪತ್ನಿಗೆ 1/8, ತಾಯಿಗೆ 1/6. ಉಳಿದ 17/24 ಭಾಗದಲ್ಲಿ ಮಗನಿಗೆ ಎರಡು, ಮಗಳಿಗೆ ಒಂದು. 17 ಮೂರರಿಂದ ಭಾಗವಾಗದು. ಆದ್ದರಿಂದ 24ನ್ನು 3ರಿಂದ ಗುಣಿಸಿ ಛೇದವನ್ನು 72 ಮಾಡಿಕೊಳ್ಳಬೇಕು. ಆಗ ಪತ್ನಿಗೆ 9, ತಾಯಿಗೆ 12, ಮಗನಿಗೆ 34, ಮಗಳಿಗೆ 17 ಭಾಗ. ಒಂದು ಭಾಗಕ್ಕೆ 2 ಗುಂಟೆ. ಪತ್ನಿಗೆ 18, ತಾಯಿಗೆ 24, ಮಗನಿಗೆ 68, ಮಗಳಿಗೆ 34 ಗುಂಟೆ. ಕೂಡಿಸಿದರೆ ಸರಿಯಾಗಿ 144.

ಆ 34 ಗುಂಟೆ ಅಣ್ಣ ಕೊಡುವ ಉಡುಗೊರೆಯಲ್ಲ, ತಂಗಿಯ ಹಕ್ಕು. ಮದುವೆಗೆ ಖರ್ಚು ಮಾಡಿದ್ದೇವೆ, ತವರಿನ ಬಾಂಧವ್ಯ ಉಳಿಯಲಿ ಎಂದೆಲ್ಲ ಹೇಳಿ ಹೆಣ್ಣುಮಕ್ಕಳಿಂದ ಸಹಿ ಹಾಕಿಸಿಕೊಳ್ಳುವ ರೂಢಿ ಎಲ್ಲ ಸಮುದಾಯಗಳಲ್ಲೂ ಇದೆ. ತನ್ನ ಪಾಲು ಎಷ್ಟು ಗುಂಟೆ ಎಂದು ತಾನೇ ಲೆಕ್ಕ ಹಾಕಬಲ್ಲವಳನ್ನು ಮರುಳು ಮಾಡುವುದು ಸುಲಭವಲ್ಲ. ಶಾಲೆಯಲ್ಲೂ ಮದ್ರಸದಲ್ಲೂ ಸಮಚ್ಛೇದದ ಪಾಠವನ್ನು ಹೆಣ್ಣುಮಕ್ಕಳಿಗೆ ಇಂಥ ಲೆಕ್ಕಗಳ ಮೂಲಕವೇ ಕಲಿಸೋಣ.